ಮಳ್ಯಾಗ ಘಾಟಿ ಇಳಿಯೋ ಮುಂಚೆ ಬೈಕ್ ಹಿಂಗ ಸೆಟ್ ಮಾಡ್ಕೊಳ್ರಿ

ಪುಣೆದಾಗಿರೋ ನಮ್ಮ ಕಡೆ ಹುಡುಗ್ರು ಜುಲೈ ಬಂತಂದ್ರ ಅಂಬೋಲಿ ಇಲ್ಲಾ ಚೋರ್ಲಾ ಘಾಟಿ ಇಳಿದು ಗೋವಾ ಅಂತ ಹೊಂಟ್ಬಿಡ್ತಾರ, ತಿರುವಿನಾಗ ವಾಲಿದಾಗ್ಲೂ ಗಾಲಿ ಲಾಕ್ ಆಗದಂಗ ಬ್ರೇಕ್ ಸಂಭಾಳಿಸೋ ಕಾರ್ನರಿಂಗ್ ಎಬಿಎಸ್ ಅದ ಬೀಳಂಗಿಲ್ಲ ಅನ್ನೋ ಧೈರ್ಯ ಬ್ಯಾರೆ. ಬೀಳ್ತದ್ರಿ. ಅದು ಯಾವಾಗ ಕೈ ಹಿಡಿತದ ಯಾವಾಗ ಬಿಡ್ತದ ಅಂತ ಮೊದ್ಲು ನೋಡೋಣ.

ಬೈಕಿನೊಳಗ ಐಎಂಯು ಅಂತ ಒಂದು ಸಣ್ಣ ಡಬ್ಬಿ ಇರ್ತದ, ಗಾಡಿ ಎಷ್ಟು ವಾಲ್ಯದ, ಮುಂದ ಬಗ್ಗ್ಯದೋ ಹಿಂದ ಕುಂತದೋ ಅನ್ನೋದನ್ನ ಸೆಕೆಂಡಿಗೆ ನೂರು ಸಲದಂಗ ಲೆಕ್ಕ ಹಾಕ್ತದ. ಬಾಷ್ ಕಂಪನಿ ಈ ಕಾರ್ನರಿಂಗ್ ಎಬಿಎಸ್ಸನ್ನ 2013ರಾಗ ಕೆಟಿಎಂ 1190 ಅಡ್ವೆಂಚರ್‌ಗೆ ಕೊಡ್ತು, ಈಗ ನಮ್ಮ ಪಕ್ಕದ ಚಾಕಣ್‌ನಾಗ ತಯಾರಾಗೋ 390 ಅಡ್ವೆಂಚರ್‌ಗೂ ಬಂದದ. ಟೈರಿನ ಗ್ರಿಪ್ ಅಂದ್ರ ತಿಂಗಳ ಪಗಾರ ಇದ್ದಂಗ, ತಿರುವಿಗೇ ಮುಕ್ಕಾಲು ಖರ್ಚಾದ್ರ ಬ್ರೇಕಿಗೆ ಉಳಿಯೋದು ಚೂರು, ಆ ಚೂರು ದಾಟಬಾರದು ಅಂತ ವಾಲಿದಾಗ ಎಬಿಎಸ್ ಬ್ರೇಕ್ ಪ್ರೆಶರನ್ನ ನಿಧಾನಕ್ಕ ಏರಿಸ್ತದ. ಆದ್ರ ಬ್ರೇಕೂ ಹಿಡೀದೆ ಗ್ಯಾಸೂ (ಆಕ್ಸಿಲರೇಟರ್) ಕೊಡದೆ ಸುಮ್ನ ತಿರುಗುವಾಗ ಪಾಚಿ ಮ್ಯಾಲೋ ಡೀಸೆಲ್ ಮ್ಯಾಲೋ ಮುಂದಿನ ಗಾಲಿ ಜಾರಿತಂದ್ರ ಈ ಡಬ್ಬಿ ಏನೂ ಮಾಡಾಕಾಗಲ್ಲ.

ಅದಕ್ಕ ಮೊದಲ ಕೆಲಸ ಟೈರಿಂದು. ಗಾಡಿ ತಣ್ಣಗಿದ್ದಾಗ ಗಾಳಿ ಚೆಕ್ ಮಾಡ್ರಿ, ಮಳಿ ಅಂತ ಕಮ್ಮಿ ಮಾಡೋದು ಬ್ಯಾಡ.

ಎರಡನೇದು ಸ್ಯಾಗ್, ಅಂದ್ರ ನೀವು ಕುಂತಾಗ ಸಸ್ಪೆನ್ಶನ್ ಎಷ್ಟು ಕೆಳಗಿಳಿತದ ಅನ್ನೋದು, ಇದನ್ನ ಯಾರೂ ನೋಡಂಗಿಲ್ಲ, ನನ್ನ ಕೇಳಿದ್ರ ಅರ್ಧ ಹ್ಯಾಂಡ್ಲಿಂಗ್ ಇದ್ರಾಗೇ ಅದ. ಹಿಂದಿನ ಗಾಲಿ ನೆಲ ಬಿಟ್ಟಿರುವಾಗ ಆಕ್ಸಲ್‌ನಿಂದ ನೇರ ಮ್ಯಾಲೆ ಸೀಟಿನ ಹತ್ರ ಒಂದು ಪಾಯಿಂಟಿಗೆ ಟೇಪ್ ಹಿಡೀರಿ, ಆಮ್ಯಾಲೆ ಹೆಲ್ಮೆಟ್ ಜಾಕೆಟ್ ಸಮೇತ ನೀವು ಕುಂದರ್ರಿ, ಗೆಳೆಯ ಮತ್ತ ಅಳೀಲಿ. ಎರಡರ ನಡುವಿನ ವ್ಯತ್ಯಾಸ ಒಟ್ಟು ಟ್ರಾವೆಲ್‌ನ (ಗಾಲಿ ಮ್ಯಾಲೆ ಕೆಳಗ ಆಡೋ ಪೂರ್ತಿ ದೂರದ) ಮೂರನೇ ಒಂದು ಭಾಗದ ಆಸುಪಾಸಿರಬೇಕು, ಟ್ರಾವೆಲ್ 150 ಎಂಎಂ ಇದ್ರ 45ರಿಂದ 50. ಜಾಸ್ತಿ ಬಂದ್ರ ಪ್ರಿಲೋಡ್ (ಸ್ಪ್ರಿಂಗನ್ನ ಮೊದ್ಲೇ ಒತ್ತಿಡೋ ಸೆಟ್ಟಿಂಗು) ಬಿಗಿ ಮಾಡ್ರಿ. ಹಿಂದ ಹೆಂಡ್ತಿ, ಸೈಡಿಗೆ ಬ್ಯಾಗು ಅಂದ್ರ ಇನ್ನೂ ಬಿಗಿ, ಇಲ್ಲಾಂದ್ರ ಹಿಂದ ಕುಂತು ಮುಂದಿನ ಗಾಲಿ ಹಗುರಾಗಿ ತಿರುವಿನಾಗ ಗಾಡಿ ಹೊರಗ ಓಡ್ತದ.

ಎಲೆಕ್ಟ್ರಾನಿಕ್ ಸಸ್ಪೆನ್ಶನ್ ಇರೋ ದೊಡ್ಡ ಗಾಡಿ ಇದ್ದವ್ರಿಗೆ ಈ ಟೇಪಿನ ಕಾಟ ಇಲ್ಲ. 2004ರಾಗ ಬಿಎಂಡಬ್ಲ್ಯು ಕೆ 1200 ಎಸ್‌ನಾಗ ಬಂದ ಇಎಸ್‌ಎ ಅನ್ನೋ ಎಲೆಕ್ಟ್ರಾನಿಕ್ ವ್ಯವಸ್ಥೆಯಾಗ ಬಟನ್ ಒತ್ತಿದ್ರ ಸಸ್ಪೆನ್ಶನ್ ಬದಲಾಗ್ತಿತ್ತು ಅಷ್ಟೇ, ಈಗಿನ ಸೆಮಿ ಆಕ್ಟಿವ್‌ನಾಗ ಗಾಲಿ ಎಷ್ಟು ಜೋರಾಗಿ ಮ್ಯಾಲೆ ಕೆಳಗ ಆಗ್ತದ ಅಂತ ಸೆನ್ಸರ್ ನೋಡಿ ವಾಲ್ವು ಎಣ್ಣಿ ದಾರಿ ಅಗಲ ಸಣ್ಣ ಮಾಡ್ತಿರ್ತದ, ಗಾಡಿ ಓಡ್ತಿರುವಾಗ್ಲೇ. ಮೆನುದಾಗ ಒಬ್ರು, ಲಗೇಜು, ಇಬ್ರು ಅಂತಿರೋದನ್ನ ಖರೇ ಆರಿಸ್ರಿ ಸಾಕು.

ಕೊನೀಗೆ ರೈಡಿಂಗ್ ಮೋಡು, ಅಂದ್ರ ಗಾಡಿ ಹೆಂಗ ಓಡಬೇಕು ಅಂತ ಆರಿಸೋ ಸೆಟ್ಟಿಂಗು. ರೇನ್ ಹಾಕಿದ್ರ ಗ್ಯಾಸ್ ಮೆತ್ತಗಾಗಿ ಹಿಂದಿನ ಗಾಲಿ ಜಾರಿ ತಿರುಗೋದನ್ನ ತಡೆಯೋ ಟ್ರ್ಯಾಕ್ಷನ್ ಕಂಟ್ರೋಲ್ ಬೇಗ ಅಡ್ಡ ಬರ್ತದ, ಸ್ಲೋ ಅನ್ನಿಸಿದ್ರೂ ಹಾಕ್ರಿ. ಆಫ್‌ರೋಡ್ ಎಬಿಎಸ್ ಮಾತ್ರ ಡಾಂಬರಿನ ಮ್ಯಾಲೆ ಬ್ಯಾಡವೇ ಬ್ಯಾಡ, ಹಿಂದಿನ ಗಾಲಿ ಲಾಕ್ ಆಗೋಕ್ಕ ಬಿಟ್ಟುಬಿಡ್ತದ. ಬಹಳ ಬೈಕಿನಾಗ ಕೀ ತೆಗೆದ್ರ ಅದು ತಾನಾಗೇ ರೋಡ್ ಮೋಡಿಗೆ ವಾಪಸ್ ಬರ್ತದ, ಕೆಲವು ಬೈಕಿನಾಗ ಬರಂಗಿಲ್ಲ, ಹಂಗಾಗಿ ಚಾ ಕುಡಿದು ಗಾಡಿ ಚಾಲೂ ಮಾಡಿದಾಗೆಲ್ಲ ಡಿಸ್ಪ್ಲೇ ಕಡೆ ಒಂದು ಸಲ ಕಣ್ಣು ಹಾಯಿಸ್ರಿ.