ಮುಂಬದಿ ಬೀದಿಯದು, ಒಳಗಿನದು ನಮ್ಮದು: ಎಡಿನ್‌ಬರಾದ ಹಳೆಯ ಮನೆಯೊಂದರ ರಿಪೇರಿ

ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿರುವ ನ್ಯೂ ಟೌನ್ ಬಡಾವಣೆ ಹೆಸರಿಗಷ್ಟೇ ಹೊಸದು. ವಾಸ್ತುಶಿಲ್ಪಿ ಜೇಮ್ಸ್ ಕ್ರೇಗ್ ಬರೆದ ನಕ್ಷೆಗೆ ಒಪ್ಪಿಗೆ ಸಿಕ್ಕಿದ್ದು 1767ರಲ್ಲಿ. ಹತ್ತೊಂಬತ್ತನೆಯ ಶತಮಾನ ಕಾಲಿಟ್ಟ ಮೇಲೆ ಬಡಾವಣೆ ಉತ್ತರದ ಇಳಿಜಾರಿಗೂ ಇಳಿಯಿತು. ನಾವು ಕೊಂಡ ಮನೆ ಈ ಎರಡನೆಯ ಹಂತದ್ದು, 1820ರ ಆಸುಪಾಸಿನ ಕಲ್ಲಿನ ಕಟ್ಟಡದ ಮೊದಲ ಮಹಡಿ. ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಅದಕ್ಕೆ 'ಎ' ದರ್ಜೆ. ಅಂದರೆ ಒಳಗಾಗಲಿ ಹೊರಗಾಗಲಿ, ಮನೆಯ ಲಕ್ಷಣವನ್ನು ಬದಲಿಸುವ ಕೆಲಸಕ್ಕೆ ನಗರಾಡಳಿತದ ಅನುಮತಿ ಬೇಕು. ವೃತ್ತಿಯಲ್ಲಿ ನಾನು ಕಾಂಕ್ರೀಟಿನ ಲೆಕ್ಕ ಹಾಕಿ ಬದುಕುವವನು. ಮರ, ಸುಣ್ಣ, ಅಗಸೆ ಎಣ್ಣೆಗಳ ಸಹವಾಸ ಈ ಮನೆಯಿಂದಲೇ ಶುರುವಾಯಿತು.

ಮೊದಲು ಎದುರಾದದ್ದು ಬೀದಿಗೆ ಮುಖ ಮಾಡಿದ ಮೂರು ಕಿಟಕಿಗಳು. ಇಲ್ಲಿನ ಸ್ಯಾಶ್ ಕಿಟಕಿಯಲ್ಲಿ ಗಾಜಿನ ಎರಡು ಚೌಕಟ್ಟುಗಳು ಒಂದರ ಹಿಂದೆ ಒಂದು ಮೇಲೆ ಕೆಳಗೆ ಜಾರುತ್ತವೆ. ಪ್ರತಿ ಚೌಕಟ್ಟಿನ ಎರಡು ಬದಿಗೂ ಹಗ್ಗ, ರಾಟೆ, ರಾಟೆಯ ಆಚೆ ಗೋಡೆಯೊಳಗಿನ ಮರದ ಪೆಟ್ಟಿಗೆಯಲ್ಲಿ ಚೌಕಟ್ಟಿನ ಭಾರ ಸರಿದೂಗಿಸಲು ನೇತಾಡುವ ಕಬ್ಬಿಣದ ಗುಂಡು. ನಮ್ಮ ಕಿಟಕಿಗಳಲ್ಲಿ ಹಗ್ಗ ಕೊಳೆತಿತ್ತು, ಚೌಕಟ್ಟುಗಳ ಕೆಳಪಟ್ಟಿ ಬೆರಳಿಟ್ಟರೆ ಉದುರುತ್ತಿತ್ತು. ಹೊಸ ಚೌಕಟ್ಟು ಮಾಡುವುದು ಅನಿವಾರ್ಯ. ಆದರೆ ಯಾವ ಕಾಲದ್ದು?

ಜಾರ್ಜಿಯನ್ ಕಾಲದಲ್ಲಿ, ಅಂದರೆ ಜಾರ್ಜ್ ಹೆಸರಿನ ರಾಜರು ಆಳಿದ, ಈ ಮನೆ ಎದ್ದ ಕಾಲದಲ್ಲಿ, ಗಾಜನ್ನು ಊದಿ, ತಿರುಗಿಸಿ, ತಟ್ಟೆಯಾಗಿ ಹರಡಿ ಕತ್ತರಿಸುತ್ತಿದ್ದರು. ದೊಡ್ಡ ಹಾಳೆ ಸಿಗುತ್ತಿರಲಿಲ್ಲ. ಸಾಲದ್ದಕ್ಕೆ ಗಾಜಿನ ತೂಕದ ಮೇಲೆ ಸುಂಕ. ಹಾಗಾಗಿ ಒಂದು ಚೌಕಟ್ಟಿಗೆ ಆರು ಸಣ್ಣ ಗಾಜು, ನಡುವೆ ತೆಳುವಾದ ಮರದ ಪಟ್ಟಿಗಳು. 1845ರಲ್ಲಿ ಸುಂಕ ಹೋಯಿತು, ದೊಡ್ಡ ಹಾಳೆಗಳು ಅಗ್ಗವಾದವು. ವಿಕ್ಟೋರಿಯಾ ರಾಣಿಯ ಕಾಲದ ಮನೆಯೊಡೆಯರು ಪಟ್ಟಿಗಳನ್ನು ಕಿತ್ತು ಒಂದೋ ಎರಡೋ ದೊಡ್ಡ ಗಾಜು ಕೂರಿಸಿಕೊಂಡರು. ಪಟ್ಟಿಗಳ ಆಸರೆ ತಪ್ಪಿ ಗಾಜಿನ ಭಾರ ಹೆಚ್ಚಿದ್ದರಿಂದ ಚೌಕಟ್ಟಿನ ಮೂಲೆಗಳಿಗೆ ಕೊಂಬಿನಂಥ ತುಂಡುಗಳನ್ನು ಉಳಿಸಿದರು. ಈ ಬೀದಿಗಳಲ್ಲಿ ನಡೆಯುವಾಗ ಕಿಟಕಿಗೆ ಕೊಂಬು ಕಂಡರೆ, ಅದು ಆಮೇಲೆ ಬಂದದ್ದು ಎಂದು ಧೈರ್ಯವಾಗಿ ಹೇಳಬಹುದು. ನಮ್ಮ ಮೂರಕ್ಕೂ ಕೊಂಬಿತ್ತು.

ವಿಕ್ಟೋರಿಯನ್ ಚೌಕಟ್ಟೂ ಮನೆಯ ಇತಿಹಾಸವೇ, ಅದರ ಮಾದರಿಯಲ್ಲೇ ಹೊಸದನ್ನು ಮಾಡು ಎಂದರು ಕೆಲವರು. ವಾದ ಸರಿಯಾದದ್ದೇ. ಆದರೆ ಈ ಬೀದಿಯನ್ನು ಮನೆ ಮನೆಯಾಗಿ ಯೋಚಿಸಿ ಕಟ್ಟಿದ್ದಲ್ಲ. ಹತ್ತಾರು ಮನೆಗಳು ಸೇರಿ ಒಂದೇ ಅರಮನೆಯ ಮುಂಬದಿಯಂತೆ ಕಾಣಬೇಕೆಂಬುದು ಅದರ ಹೂರಣ. ವಾಸ್ತುಶಿಲ್ಪಿ ರಾಬರ್ಟ್ ಆಡಮ್ 1791ರಲ್ಲಿ ಇದೇ ನ್ಯೂ ಟೌನಿನ ಷಾರ್ಲೆಟ್ ಚೌಕಕ್ಕೆ ಬರೆದ ವಿನ್ಯಾಸದಲ್ಲಿ ಈ ಲೆಕ್ಕಾಚಾರ ಎದ್ದು ಕಾಣುತ್ತದೆ. ಅಂಥ ಸಾಲಿನಲ್ಲಿ ಕಿಟಕಿ ನನ್ನೊಬ್ಬನ ಆಸ್ತಿಯಲ್ಲ ಎಂದು ನಾನು ತೀರ್ಮಾನಿಸಿದೆ. ಅಕ್ಕಪಕ್ಕದ, ಮೇಲಿನ ಮನೆಗಳವರು ಆಗಲೇ ಆರು ಗಾಜಿನ ಮಾದರಿಗೆ ಮರಳಿದ್ದರು. ಅನುಮತಿಗೆ ಅರ್ಜಿ ಹಾಕಿದೆ, ಸಿಕ್ಕಿತು.

ಅಳತೆಗೆ ದೂರ ಹೋಗಬೇಕಾಗಲಿಲ್ಲ. ಮನೆಯ ಹಿಂಬದಿಗೆ ಯಾರೂ ದುಡ್ಡು ಸುರಿಯುವುದಿಲ್ಲವಷ್ಟೆ. ಅಡುಗೆಮನೆಯ ಕಿಟಕಿ ಹುಟ್ಟಿದಂತೆಯೇ ಉಳಿದಿತ್ತು. ಅದರ ಪಟ್ಟಿಯ ದಪ್ಪ 16 ಮಿಲಿಮೀಟರ್. ಬಣ್ಣದ ಪದರ ಕೆರೆದರೆ ಮೂಲೆಗಳು ಇನ್ನೂ ಚೂಪಾಗಿದ್ದವು. ಕೆರೆಯುವಾಗ ನೆನಪಿಡಬೇಕಾದದ್ದು ಒಂದೇ: ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ. ಒದ್ದೆ ಮಾಡಿಯೇ ಕೆರೆಯಬೇಕು, ಮಾಸ್ಕ್ ತೆಗೆಯಬಾರದು, ಒಣ ಮರಳುಕಾಗದ ಮುಟ್ಟಲೇಬಾರದು.

ಹೊಸ ಚೌಕಟ್ಟುಗಳನ್ನು ಡಗ್ಲಸ್ ಫರ್ ಮರದಲ್ಲಿ ಮಾಡಿ, ಗಾಜನ್ನು ಅಗಸೆ ಎಣ್ಣೆಯ ಪುಟ್ಟಿಯಲ್ಲಿ ಕೂರಿಸಿದೆ. ಬಳಿಕ ತೂಕದ ಸರದಿ. ಕೆಳಗಿನ ಚೌಕಟ್ಟು ಗಾಜು, ಪುಟ್ಟಿ ಸಮೇತ 14 ಕಿಲೋ ತೂಗಿತು. ಅದಕ್ಕಿದ್ದ ಹಳೆಯ ಗುಂಡುಗಳು ಎರಡೂ ಸೇರಿ 17 ಕಿಲೋ, ಹಿಂದಿದ್ದ ದಪ್ಪ ಗಾಜಿಗೆ ಹೊಂದಿಸಿದ್ದವು. ಹಾಗೆಯೇ ಕಟ್ಟಿದ್ದರೆ ಕಿಟಕಿ ತಾನಾಗಿ ಮೇಲೇರುತ್ತಿತ್ತು. ಕೆಳಗಿನ ಚೌಕಟ್ಟಿಗೆ ಗುಂಡುಗಳ ಒಟ್ಟು ತೂಕ ತುಸು ಕಡಿಮೆ ಇರಬೇಕು, ಮುಚ್ಚಿದರೆ ಕೂತಿರಲಿ ಎಂದು. ಮೇಲಿನದಕ್ಕೆ ತುಸು ಹೆಚ್ಚು, ಕೆಳಗೆ ಜಾರದಿರಲಿ ಎಂದು. ಎರಕದ ಕಬ್ಬಿಣವನ್ನು ಹ್ಯಾಕ್ಸಾದಲ್ಲಿ ಕೊಯ್ಯುವುದು ತೋಳಿನ ಬಲ ಪರೀಕ್ಷಿಸುವ ಕೆಲಸ, ಆದರೆ ಆಗುತ್ತದೆ. ಗುಂಡು ಹದಕ್ಕೆ ಬಂದ ಮೇಲೆ ಕಿಟಕಿಯನ್ನು ಒಂದು ಬೆರಳಿನಿಂದ ಎತ್ತಬಹುದು. ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ.

ಸೂರಿನಂಚಿನ ಗಿಲಾವಿನ ಕಾರ್ನಿಸ್‌ಗೆ ತಾಳ್ಮೆಯೊಂದಿದ್ದರೆ ಸಾಕು. ಹಳೆಯ ಡಿಸ್ಟೆಂಪರ್ ಅಂದರೆ ಸೀಮೆಸುಣ್ಣದ ಪುಡಿ ಮತ್ತು ಅಂಟು. ನೀರು ಚಿಮುಕಿಸಿ ನೆನೆಯಲು ಬಿಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಕರಗಿ ಇಳಿಯುತ್ತದೆ. ಮುದ್ದೆಮುದ್ದೆಯಾಗಿ ಕಾಣುತ್ತಿದ್ದ ಸಾಲಿನಿಂದ ಮೊಟ್ಟೆ, ಬಾಣ, ಮೊಟ್ಟೆ, ಬಾಣ ಎಂದು ಅಲಂಕಾರದ ಆಕಾರಗಳು ಒಂದೊಂದಾಗಿ ಹೊರಬಂದವು. ಮೇಲಿನ ನೀರು ಸೋರಿ ಉದುರಿದ್ದ ಕಡೆ, ಉಳಿದ ಭಾಗದ ಅಡ್ಡನೋಟವನ್ನು ಸತುವಿನ ತಗಡಿನಲ್ಲಿ ಕತ್ತರಿಸಿ, ಅದನ್ನು ಮರದ ಹಿಡಿಗೆ ಬಡಿದು, ಹಸಿ ಗಿಲಾವಿನ ಮೇಲೆ ಎಳೆದೆ. ಮೊಟ್ಟೆ-ಬಾಣಗಳನ್ನು ಅಚ್ಚು ತೆಗೆದು ಎರೆದು ಅಂಟಿಸಿದ್ದು.

ಪಡಸಾಲೆಯಲ್ಲಿ ಮಾತ್ರ ನಾನು ಜಾರ್ಜಿಯನ್ ಹಠ ಬಿಟ್ಟೆ. ಅಲ್ಲಿ ಸೊಂಟದೆತ್ತರದವರೆಗೆ ಗೋಡೆಗೆ ಲಿಂಕ್ರಸ್ಟಾ ಹೊದಿಕೆ ಇದೆ, ಎಲೆ-ಬಳ್ಳಿಗಳ ಉಬ್ಬುಚಿತ್ರ. ಲಿನೋಲಿಯಂ ಎಂಬ ನೆಲಹಾಸು ಕಂಡುಹಿಡಿದ ಫ್ರೆಡರಿಕ್ ವಾಲ್ಟನ್ನನೇ 1877ರಲ್ಲಿ ಇದನ್ನೂ ತಂದವನು. "ಜಾರ್ಜಿಯನ್ ಮನೆಗೆ ಇದು ಹೊಂದುವುದಿಲ್ಲ, ಕಿತ್ತುಬಿಡಿ" ಎಂದವರು ಒಬ್ಬಿಬ್ಬರಲ್ಲ. ಹೊರಗಿನ ನಿಯಮ ಒಳಗೆ ಯಾಕೆ ನಡೆಯಬೇಕು? ಮುಂಬದಿ ಬೀದಿಯದು, ಒಳಗಿನದು ಇಲ್ಲಿ ಬಾಳಿದ ಎಲ್ಲರದೂ. ಕಲ್ಲಿದ್ದಲ ಹೊಗೆಗೆ, ಮಕ್ಕಳ ಕೈಗೆ ಜಗ್ಗದ, ಒರೆಸಬಹುದಾದ ಗೋಡೆ ಬೇಕೆಂದು ಯಾವುದೋ ಸಂಸಾರ ದುಡ್ಡು ಕೊಟ್ಟು ಹಾಕಿಸಿದ್ದು. ಅದರ ಮೇಲಿನ ದಪ್ಪ ಬಿಳಿ ಬಣ್ಣ ತೆಗೆಯಲು ಕ್ಷಾರದ ದ್ರಾವಣ ಬಳಸಬಾರದು. ಲಿಂಕ್ರಸ್ಟಾ ಅಗಸೆ ಎಣ್ಣೆಯಿಂದಲೇ ಆದದ್ದು, ಬಣ್ಣದ ಜೊತೆ ಅದೂ ಕರಗುತ್ತದೆ. ಸೌಮ್ಯವಾದ ಲೇಪ ಹಚ್ಚಿ, ಮರದ ಕಡ್ಡಿಯಿಂದ ಎಲೆಯ ಸಂದುಗಳನ್ನು ಬಿಡಿಸಿದೆ.

ಇಷ್ಟೆಲ್ಲಾ ಮಾಡಿದರೂ ಚಳಿ ಒಳಗೆ ಬರುವುದಿಲ್ಲವೇ ಎಂದು ನೋಡಲು ಬಂದವರೆಲ್ಲ ಕೇಳುತ್ತಾರೆ. ಚೌಕಟ್ಟುಗಳ ಅಂಚಿಗೆ ಬ್ರಷ್ ಪಟ್ಟಿ ಸೇರಿಸಿದ್ದೇನೆ. ಅದಕ್ಕಿಂತ ದೊಡ್ಡ ಉಪಾಯ ಕಿಟಕಿಯ ಪಕ್ಕದಲ್ಲೇ ಮಡಚಿ ಕೂತಿತ್ತು: ಒಳಬದಿಯ ಮರದ ಶಟರ್. ಹಳೆಯ ಕಟ್ಟಡಗಳನ್ನು ನೋಡಿಕೊಳ್ಳುತ್ತಿದ್ದ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಸ್ಕಾಟ್ಲೆಂಡ್, ಗ್ಲಾಸ್ಗೋ ಕ್ಯಾಲೆಡೋನಿಯನ್ ವಿಶ್ವವಿದ್ಯಾಲಯದಿಂದ ಮಾಡಿಸಿದ ಪರೀಕ್ಷೆಯಲ್ಲಿ, ಶಟರ್ ಮುಚ್ಚಿದರೆ ಕಿಟಕಿಯ ಗಾಜಿನಿಂದ ಸೋರುವ ಶಾಖ 51% ತಗ್ಗಿತು. ದಪ್ಪ ಪರದೆಯಿಂದ ತಗ್ಗಿದ್ದು 14%. ನಮ್ಮಲ್ಲಿ ಮುಂದಿನ ಮೂರರ ಶಟರ್‌ಗಳು ಬಣ್ಣ ಮೆತ್ತಿಕೊಂಡು ಅಂಟಿದ್ದವು, ಚಾಕುವಿನಿಂದ ಬಿಡಿಸಿದೆ. ಅಡುಗೆಮನೆಯದಕ್ಕೆ ಯಾರೋ ಮೊಳೆಯನ್ನೇ ಹೊಡೆದಿದ್ದಾರೆ, ಅದರ ಮೇಲೆ ಪಾತ್ರೆಯ ಕಪಾಟನ್ನೂ ಕೂರಿಸಿದ್ದಾರೆ. ಕಪಾಟು ಎಲ್ಲಿಗೆ ಹೋಗಬೇಕೆಂಬ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ.