30 ನ್ಯಾನೋಮೀಟರ್ ಫಿಲ್ಮಲ್ಲಿ ಮೇಲ್ಮೈ ಅಲೆ ಬಿಸಿ ಒಯ್ಯೋದು: ನನ್ನ ಅನುಭವ

ಕೊನೆಗೂ ಸಿಕ್ಕಿತು ಮಾರಾಯ್ರೆ. 30 ನ್ಯಾನೋಮೀಟರಿನ ಸಿಲಿಕಾನ್ ನೈಟ್ರೈಡ್ ಫಿಲ್ಮ್ ಬಿಸಿ ಆದ ಹಾಗೆ ಅದರ ಕಂಡಕ್ಟಿವಿಟಿ (ಬಿಸಿ ಒಯ್ಯುವ ಸಾಮರ್ಥ್ಯ) ಏರ್ತಾ ಹೋಗ್ತದೆ, 200 ಡಿಗ್ರಿ ದಾಟುವಾಗ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಜಾಸ್ತಿ, 200 ನ್ಯಾನೋಮೀಟರಿನದ್ದು ಅಷ್ಟು ಏರೋದೇ ಇಲ್ಲ. ಸರ್ಫೇಸ್ ಫೋನಾನ್ ಪೋಲಾರಿಟಾನ್, ಅಂದ್ರೆ ಬೆಳಕು ಮತ್ತು ಪರಮಾಣುಗಳ ಕಂಪನ ಸೇರಿ ಮೇಲ್ಮೈಯಲ್ಲಿ ಓಡುವ ಅಲೆ, ಹೀಗೆ ಬಿಸಿ ಒಯ್ಯಬಹುದು ಅಂತ ಲೆಕ್ಕ ಬಂದದ್ದು 2005ರಲ್ಲಿ, 2020ರಲ್ಲಿ ಜಪಾನಿನ ಗುಂಪು 50 ನ್ಯಾನೋಮೀಟರಿಗಿಂತ ತೆಳ್ಳಗಿನ ಫಿಲ್ಮಲ್ಲಿ 300ರಿಂದ 800 ಕೆಲ್ವಿನ್ ಒಳಗೆ ಕಂಡಕ್ಟಿವಿಟಿ ಡಬಲ್ ಆಗೋದು ತೋರಿಸಿತು. ಕಾಸರಗೋಡಿನ ಬದಿಯಡ್ಕದ ನನ್ನ ಶೆಡ್ಡಲ್ಲಿ ಇದಾಗ್ಲಿಕ್ಕುಂಟಾ ಅಂತ ಕೇಳದವರಿಲ್ಲ.

ದುಡ್ಡು ಹೋದದ್ದು ಚಿಪ್ಪಿಗೆ, ಅಂದ್ರೆ ನಡುವಿನ ಕಿಟಕಿಯಲ್ಲಿ ಈ ಫಿಲ್ಮ್ ಬಿಗಿದಿರುವ ಸಿಲಿಕಾನ್ ತುಂಡಿಗೆ. ಕಾಲು ಮಿಲಿಮೀಟರ್ ಕಿಟಕಿಯ ಚಿಪ್ ಒಂದಕ್ಕೆ ಎರಡೂವರೆ ಸಾವಿರದ ಮೇಲೆ ಬೀಳ್ತದೆ, ಮೊದಲ ಡಬ್ಬಿ ಪೂರ್ತಿ ಪಂಪ್ ಗಾಳಿ ಎಳೆಯುವಾಗಲೇ ಒಡೆದುಹೋಯ್ತು. ನೀಡಲ್ ವಾಲ್ವ್ ಹಾಕಿ ಅರ್ಧ ಗಂಟೆ ನಿಧಾನ ಎಳೆದ ಮೇಲೆ ನಿಂತಿತು. ರೋಟರಿ ಪಂಪ್ ಒಂದರಿಂದ ಆಗೋದಿಲ್ಲ, ಉಳಿದ ಗಾಳಿಯೇ ಬಿಸಿ ಒಯ್ತದೆ, ಹಾಗಾಗಿ ಕೊಯಮತ್ತೂರಿಂದ ಬಿಸಿ ಎಣ್ಣೆ ಆವಿಯಿಂದ ಗಾಳಿ ಎಳೆಯುವ ಹಳೇ ಡಿಫ್ಯೂಶನ್ ಪಂಪ್ ತಂದದ್ದು. ಆದ್ರೆ ನಮ್ಮಲ್ಲಿ ಮಳೆಗಾಲದ ಕರೆಂಟ್ ಗೊತ್ತುಂಟಲ್ಲ, ರೋಟರಿ ನಿಂತ್ರೆ ಎಣ್ಣೆ ಆವಿ ಹಿಂದೆ ಬಂದು ಫಿಲ್ಮ್ ಮೇಲೆ ಕೂತ್ಕೊಳ್ತದೆ, ಆ ಚಿಪ್ ಮತ್ತೆ ಎಂತಕ್ಕೂ ಬೇಡ. ಇನ್ವರ್ಟರ್, ಬ್ಯಾಟರಿ ಅಂತ ಮೂವತ್ತು ಸಾವಿರದ ಹತ್ತಿರ ಹೋಯ್ತು.

ತ್ರೀ ಒಮೇಗಾ, ಅಂದ್ರೆ ಫಿಲ್ಮ್ ಮೇಲಿನ ಪ್ಲಾಟಿನಂ ಗೆರೆಗೆ ಎಸಿ ಕರೆಂಟ್ ಕೊಟ್ಟಾಗ ಬರುವ ಮೂರು ಪಟ್ಟು ಫ್ರೀಕ್ವೆನ್ಸಿಯ ಸಣ್ಣ ವೋಲ್ಟೇಜ್, ನೋಡ್ಲಿಕ್ಕೆ ಲಾಕ್-ಇನ್ (ಒಂದೇ ಫ್ರೀಕ್ವೆನ್ಸಿಯ ಸಿಗ್ನಲ್ ಹೆಕ್ಕುವ ಯಂತ್ರ) ಬದಲು ಸೌಂಡ್ ಕಾರ್ಡ್ ಹಾಕಿ ನೋಡಿದೆ, ನಮಗೆ ಬೇಕಾದ್ದು ಎರಡು ಮೂರು ಹರ್ಟ್ಸ್, ಅಲ್ಲಿ ಅದು ಸಿಗ್ನಲನ್ನೇ ನುಂಗ್ತದೆ. ವೋಲ್ಟೇಜನ್ನು ಅಂಕಿ ಮಾಡುವ 24 ಬಿಟ್ ಎಡಿಸಿ ಬೋರ್ಡ್, ಪೈಥಾನ್, ಅಷ್ಟೇ ಸಾಕಾಯ್ತು. ಪ್ಲಾಟಿನಂ ಗೆರೆ ಬೆಂಗಳೂರಲ್ಲಿ ಹಾಕಿಸಿದ್ದು, ಆದ್ರೆ ಚಿಪ್ಪನ್ನು ತಾಮ್ರಕ್ಕೆ ಹೇಗೆ ಕೂರಿಸೋದು ಅಂತ ಈಗ ಹೇಳೋದಿಲ್ಲ.

"ಆ ಏರಿಕೆ ರೇಡಿಯೇಶನ್ ಲಾಸ್ (ಫಿಲ್ಮಿನಿಂದ ಬಿಸಿ ಹೊರಗೆ ಸೂಸಿಹೋಗೋದು) ಅಷ್ಟೇ" ಅಂದವರಿಗೆ ಉತ್ತರ ಆ 200 ನ್ಯಾನೋಮೀಟರಿನ ದಪ್ಪ ಫಿಲ್ಮೇ. ಇಷ್ಟು ತೆಳ್ಳಗಿರುವಾಗ ಎಮಿಸಿವಿಟಿ (ಬಿಸಿ ಸೂಸುವ ಸಾಮರ್ಥ್ಯ) ದಪ್ಪದ ಜೊತೆಗೇ ಏರ್ತದೆ, ಕಂಡಕ್ಷನ್ ಕೂಡ ಹಾಗೇ, ಅಂದ್ರೆ ರೇಡಿಯೇಶನ್ ಆಗಿದ್ರೆ ಎರಡು ಫಿಲ್ಮಲ್ಲೂ ಕಂಡಕ್ಟಿವಿಟಿ ಒಂದೇ ಪ್ರಮಾಣದಲ್ಲಿ ಏರಬೇಕಿತ್ತು. ಏರಲಿಲ್ಲ! ತೆಳ್ಳಗಿದ್ದಷ್ಟು ಅಲೆ ಫಿಲ್ಮಿನ ಹೊರಗೇ ಹೆಚ್ಚು ಇರ್ತದೆ, ಒಳಗೆ ಹೀರಿಹೋಗೋದು ಕಮ್ಮಿ, ದೂರ ಓಡ್ತದೆ.

ನಡುವೆ ಸಿಲಿಕಾ ಫಿಲ್ಮ್ ಕೂಡ ನೋಡಿದೆ, ತೇವ ಹಿಡಿದು ರೀಡಿಂಗ್ ನಿಲ್ಲೋದಿಲ್ಲ, ಬೇಸಿಗೆಗೆ ಇಟ್ಟಿದ್ದೇನೆ. 30ರ ಚಿಪ್ ಬೇಕಾದವರು ಹೇಳಿ, ಒಟ್ಟಿಗೆ ತರಿಸಿದ್ರೆ ಶಿಪ್ಪಿಂಗ್ ಉಳೀತದೆ.