ಕೊಡಗಿನ ಆಂಗ್ಲಿಕನ್ ಚರ್ಚುಗಳ ಇತಿಹಾಸವನ್ನು ಬರೆಯುವ ಬಗೆ

ಕೊಡಗಿಗೆ ತನ್ನದೇ ಆದ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪರಂಪರೆಯ) ಬಿಷಪ್ ಎಂದೂ ಇರಲಿಲ್ಲ. ಮಡಿಕೇರಿಯ ಅಥವಾ ತೋಟ ಪ್ರದೇಶದ ಒಂದು ಹಳೆಯ ಚರ್ಚಿನ ಚರಿತ್ರೆಯನ್ನು ಬರೆಯಲು ಹೊರಟವರು ಈ ಒಂದು ಸಂಗತಿಯನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಹೆಚ್ಚಿನವರು ಕಟ್ಟಡದಿಂದ ಆರಂಭಿಸುತ್ತಾರೆ. ಗೋಡೆಯ ಮೇಲಿನ ಫಲಕವನ್ನು ಓದಿ, ಊರಿನ ಹಿರಿಯರನ್ನು ಕೇಳಿ, ಅಲ್ಲಿಗೆ ದಾರಿ ಮುಗಿಯಿತೆಂದು ಕೈಬಿಡುತ್ತಾರೆ. ಆದರೆ ಚರ್ಚಿನ ಕಾಗದಪತ್ರಗಳು ಕಟ್ಟಡದ ಬಳಿ ಉಳಿಯುವುದು ಅಪರೂಪ. ಅವು ಆಯಾ ಕಾಲದಲ್ಲಿ ಆ ಚರ್ಚಿನ ಮೇಲೆ ಅಧಿಕಾರವಿದ್ದ ಪೀಠಕ್ಕೆ ಹೋಗಿ ಸೇರುತ್ತವೆ. ಆದ್ದರಿಂದ ಯಾವ ವರ್ಷದಲ್ಲಿ ಕೊಡಗು ಯಾವ ಬಿಷಪ್ಪರ ಧರ್ಮಪ್ರಾಂತ್ಯಕ್ಕೆ, ಅಂದರೆ ಅಧಿಕಾರದ ವ್ಯಾಪ್ತಿಗೆ, ಸೇರಿತ್ತು ಎಂಬುದನ್ನು ಗೊತ್ತುಮಾಡಿಕೊಳ್ಳುವುದೇ ಮೊದಲ ಕೆಲಸ.

ಒಂದು ಹಾಳೆಯಲ್ಲಿ ಈ ವರ್ಷಗಳನ್ನು ಬರೆದಿಟ್ಟುಕೊಳ್ಳಿ. ಭಾರತದ ಮೊದಲ ಆಂಗ್ಲಿಕನ್ ಧರ್ಮಪ್ರಾಂತ್ಯ ಕಲ್ಕತ್ತೆಯದು; ಅದು 1814ರಲ್ಲಿ ಸ್ಥಾಪನೆಯಾಯಿತು. ಕಂಪನಿ ಸರ್ಕಾರವು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ 1834ರಲ್ಲಿ ದಕ್ಷಿಣಕ್ಕೆ ಇನ್ನೂ ಬೇರೆ ಬಿಷಪ್ ಇರಲಿಲ್ಲ. ಮರುವರ್ಷ, 1835ರಲ್ಲಿ, ಡೇನಿಯಲ್ ಕಾರಿ ಮೊದಲ ಬಿಷಪ್ಪರಾಗಿ ಮದ್ರಾಸಿನ ಧರ್ಮಪ್ರಾಂತ್ಯ ಆರಂಭವಾಯಿತು. ಅಲ್ಲಿಂದ 1947ರವರೆಗೆ ಕೊಡಗಿನ ಆಂಗ್ಲಿಕನ್ ಸಭೆಗಳು, ಅಂದರೆ ಚರ್ಚಿನ ಭಕ್ತ ಸಮುದಾಯಗಳು, ಮದ್ರಾಸಿನ ಅಧೀನದಲ್ಲಿದ್ದವು. ಇಲ್ಲಿ ಒಂದು ಗೊಂದಲ ಸಹಜವಾಗಿ ಹುಟ್ಟುತ್ತದೆ: ಆಡಳಿತದ ದೃಷ್ಟಿಯಿಂದ ಕೊಡಗು ಮದ್ರಾಸ್ ಪ್ರೆಸಿಡೆನ್ಸಿಯ ಭಾಗವಾಗಿರಲಿಲ್ಲ, ಮೈಸೂರಿನ ಭಾಗವೂ ಆಗಿರಲಿಲ್ಲ, ಚೀಫ್ ಕಮಿಷನರರ ಆಳ್ವಿಕೆಯ ಪ್ರತ್ಯೇಕ ಪ್ರಾಂತ್ಯವಾಗಿತ್ತು. ಸರ್ಕಾರದ ಕಡತ ಒಂದು ಕಡೆಗೆ, ಚರ್ಚಿನ ಕಡತ ಇನ್ನೊಂದು ಕಡೆಗೆ ಹರಿದುಹೋಗಲು ಇದೇ ಕಾರಣ.

1927ರ ಇಂಡಿಯನ್ ಚರ್ಚ್ ಕಾಯಿದೆಯು 1930ರ ಮಾರ್ಚ್ 1ರಂದು ಜಾರಿಗೆ ಬಂದಾಗ ಭಾರತ, ಬರ್ಮಾ, ಸಿಲೋನುಗಳ ಆಂಗ್ಲಿಕನ್ ಸಭೆ ಇಂಗ್ಲೆಂಡಿನ ಸಭೆಯಿಂದ ಕಾನೂನಿನ ಮಟ್ಟಿಗೆ ಬೇರ್ಪಟ್ಟಿತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ನಾವೆಲ್ಲ ಸಿ.ಎಸ್.ಐ. ಎಂದು ಕರೆಯುವ ಸಭೆ, ಉದ್ಘಾಟನೆಯಾಯಿತು. ಆಗ ಕೊಡಗು ಹೊಸ ಮೈಸೂರು ಧರ್ಮಪ್ರಾಂತ್ಯಕ್ಕೆ ಬಂತು. ಅದರ ಮೊದಲ ಬಿಷಪ್ ಪಿ. ಗುರುಶಾಂತ ಅವರು. ಕೊಡಗು ರಾಜ್ಯವು ಮೈಸೂರು ರಾಜ್ಯದಲ್ಲಿ ವಿಲೀನವಾದದ್ದು 1956ರ ನವೆಂಬರ್ 1ರಂದು ಎಂಬುದನ್ನು ನೆನೆದರೆ, ಚರ್ಚಿನ ನಕ್ಷೆ ಸರ್ಕಾರದ ನಕ್ಷೆಗಿಂತ ಒಂಬತ್ತು ವರ್ಷ ಮುಂಚೆಯೇ ಈ ಎರಡನ್ನೂ ಸೇರಿಸಿತ್ತು ಎಂಬುದು ಕಾಣುತ್ತದೆ. 1970ರಲ್ಲಿ ಕರ್ನಾಟಕದ ಸಿ.ಎಸ್.ಐ. ಸಭೆಗಳನ್ನು ಉತ್ತರ, ಮಧ್ಯ, ದಕ್ಷಿಣ ಎಂದು ಮೂರಾಗಿ ವಿಂಗಡಿಸಿದಾಗ ಕೊಡಗು ಮಂಗಳೂರು ಕೇಂದ್ರವಾಗಿರುವ ದಕ್ಷಿಣ ಧರ್ಮಪ್ರಾಂತ್ಯಕ್ಕೆ ಸೇರಿತು. ಇಂದು ಅನುಮತಿಗಾಗಿ ಪತ್ರ ಬರೆಯಬೇಕಾದದ್ದು ಅಲ್ಲಿಗೆ. ಆದರೆ ನೂರೈವತ್ತು ವರ್ಷ ಹಿಂದಿನ ದಾಖಲೆಗಾಗಿ ಅಲ್ಲಿ ಹುಡುಕಿದರೆ ಫಲ ಸಿಗುವ ಸಂಭವ ಕಡಿಮೆ.

ಎರಡನೆಯ ಕೆಲಸ, ನಿಮ್ಮ ಕೈಯಲ್ಲಿರುವ ಚರ್ಚು ನಿಜಕ್ಕೂ ಆಂಗ್ಲಿಕನ್ ಮೂಲದ್ದೇ ಎಂದು ಖಚಿತಪಡಿಸಿಕೊಳ್ಳುವುದು. ವಿರಾಜಪೇಟೆಯ ಸಂತ ಅನ್ನಮ್ಮನ ದೇವಾಲಯ ಕ್ಯಾಥೊಲಿಕ್ ಪರಂಪರೆಯದು, ಹದಿನೆಂಟನೆಯ ಶತಮಾನದ ಕೊನೆಗೆ ಕೊಡಗಿನ ಅರಸರ ಆಶ್ರಯದಲ್ಲಿ ನೆಲೆಯೂರಿದ ಸಮುದಾಯದ್ದು. ಅದರ ಕಥೆಯೇ ಬೇರೆ. ಅಮ್ಮತ್ತಿಯ ಸಮೀಪದ ಆನಂದಪುರದ ಚರ್ಚು ಪ್ರಾಟೆಸ್ಟೆಂಟ್ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನದು. ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಕೊಡಗಿಗೆ ಬಂದು ಅಲ್ಲಿ ಸಭೆಯನ್ನು ಕಟ್ಟಿದರು. ಅವರ ಬಳಿಕ ಬಂದ ಜಿ. ರಿಕ್ಟರ್ ಮಡಿಕೇರಿಯ ಶಾಲೆಯ ಮುಖ್ಯಸ್ಥರಾಗಿದ್ದು 1870ರಲ್ಲಿ ಕೊಡಗಿನ ಬಗ್ಗೆ ಒಂದು ಕೈಪಿಡಿಯನ್ನೇ ಪ್ರಕಟಿಸಿದರು. ಇವರು ಆಂಗ್ಲಿಕನ್ ಬಿಷಪ್ಪರಿಗೆ ಅಧೀನರಾಗಿರಲಿಲ್ಲ. ಇವರ ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲಿಗೆ ಹೋಗುತ್ತಿದ್ದವು, ಈಗಲೂ ಅಲ್ಲಿನ ಮಿಷನ್ ದಾಖಲೆ ಭಂಡಾರದಲ್ಲಿವೆ, ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲೂ ಬಾಸೆಲ್ ಮಿಷನ್ನಿನ ದೊಡ್ಡ ಸಂಗ್ರಹವಿದೆ. ಮುಂದೆ ಬಾಸೆಲ್ ಮಿಷನ್ನಿನ ಸಭೆಗಳೂ ಸಿ.ಎಸ್.ಐ. ಒಳಗೆ ಬಂದದ್ದರಿಂದ, ಇಂದು ಸಿ.ಎಸ್.ಐ. ಎಂಬ ಫಲಕವಿರುವ ಪ್ರತಿ ಚರ್ಚನ್ನೂ ಇಂಗ್ಲಿಷ್ ದೊರೆಗಳ ಚರ್ಚೆಂದು ಬರೆಯುವ ತಪ್ಪು ಮತ್ತೆ ಮತ್ತೆ ಆಗುತ್ತಿದೆ. ಅದು ಆನಂದಪುರದ ಸಭೆಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಆಂಗ್ಲಿಕನ್ ಮೂಲದ ಚರ್ಚುಗಳಲ್ಲೂ ಎರಡು ಬಗೆಗಳಿವೆ. ಒಂದು, ಸರ್ಕಾರವೇ ಹಣ ಕೊಟ್ಟು ಕಟ್ಟಿಸಿದ್ದು. ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚು ಇಂಥದ್ದು. 1850ರ ದಶಕದಲ್ಲಿ, ಅಲ್ಲಿದ್ದ ವೀರಭದ್ರ ದೇವಸ್ಥಾನವನ್ನು ತೆಗೆದು ಆ ಜಾಗದಲ್ಲಿ ಅದನ್ನು ಎಬ್ಬಿಸಲಾಯಿತು. ಇಂದು ಅದು ರಾಜ್ಯ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯ. ದೇವಸ್ಥಾನವನ್ನು ತೆಗೆದ ಸಂಗತಿಯನ್ನು ಒಂದು ವಾಕ್ಯದಲ್ಲಿ ದಾಟಿಸಿಬಿಡಬೇಡಿ, ಅದನ್ನೇ ಹಿಡಿದು ಉಳಿದದ್ದನ್ನು ಮರೆಯಲೂಬೇಡಿ. ಯಾರ ಆದೇಶ, ಯಾವ ಇಲಾಖೆಯ ಹಣ, ಚಾಪ್ಲೇನರ (ಸರ್ಕಾರ ನೇಮಿಸಿದ ಪಾದ್ರಿಗಳ) ಸಂಬಳ ಯಾವ ಲೆಕ್ಕದಿಂದ ಬಂತು ಎಂಬ ಪ್ರಶ್ನೆಗಳನ್ನು ಕಡತಗಳ ಮುಂದೆ ಇಡಿ. ಚಾಪ್ಲೇನರು ಸರ್ಕಾರಿ ನೌಕರರಾಗಿದ್ದರು, ಅವರಿಗೆಂದೇ ಎಕ್ಲಿಸಿಯಾಸ್ಟಿಕಲ್, ಅಂದರೆ ಚರ್ಚಿನ ವ್ಯವಹಾರಗಳ, ಇಲಾಖೆಯಿತ್ತು. ಆ ವ್ಯವಸ್ಥೆ ಸ್ವಾತಂತ್ರ್ಯದ ಮರುವರ್ಷ, 1948ರಲ್ಲಿ ಕೊನೆಗೊಂಡಿತು. ಅದರ ಕಡತಗಳಿಗಾಗಿ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ, ದೆಹಲಿಯ ರಾಷ್ಟ್ರೀಯ ಪತ್ರಾಗಾರ, ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಈ ಮೂರನ್ನೂ ನೋಡಬೇಕು. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಾಟ ಆರಂಭಿಸಬಹುದು.

ಇನ್ನೊಂದು ಬಗೆ ಕಾಫಿ ತೋಟಗಾರರು ತಮಗಾಗಿ ಕಟ್ಟಿಕೊಂಡದ್ದು. ಯುರೋಪಿಯನ್ನರ ಮೊದಲ ಕಾಫಿ ತೋಟ ಮಡಿಕೇರಿಯ ಬಳಿ 1854ರಲ್ಲಿ ಆರಂಭವಾಯಿತು. ಬರಬರುತ್ತ ತೋಟಗಳು ಸಿದ್ದಾಪುರ, ಪಾಲಿಬೆಟ್ಟಗಳ ಬಿದಿರು ಕಾಡಿನತ್ತ ಹಬ್ಬಿದಂತೆ ಅಲ್ಲಿಯೂ ಪ್ರಾರ್ಥನೆಗೆ ಸ್ಥಳ ಬೇಕಾಯಿತು. ಇಂಥ ಚರ್ಚಿನ ಬಗ್ಗೆ ಸರ್ಕಾರಿ ಕಡತದಲ್ಲಿ ಹೆಚ್ಚೇನೂ ಸಿಗದೆ ಹೋಗಬಹುದು. ತೋಟದ ಹಳೆಯ ಪತ್ರವ್ಯವಹಾರ, ಜಾಗದ ದಾನಪತ್ರ, ತೋಟಗಾರರ ಸಂಘದ ನಡವಳಿ ಪುಸ್ತಕಗಳೇ ಇಲ್ಲಿ ಮುಖ್ಯ. ಎಸ್ಟೇಟ್ ಕಚೇರಿಯ ರೈಟರರಾಗಿ (ಗುಮಾಸ್ತರಾಗಿ) ದುಡಿದು ನಿವೃತ್ತರಾದ ಹಿರಿಯರಿಗೆ ಯಾವ ಬೀರುವಿನಲ್ಲಿ ಏನಿದೆ ಎಂಬುದು ಮಾಲೀಕರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಈಗ ರಿಜಿಸ್ಟರುಗಳ ಮಾತು. ಈ ಕೆಲಸದ ತಿರುಳು ಇದೇ. ದೀಕ್ಷಾಸ್ನಾನ, ಮದುವೆ, ಸಮಾಧಿ ಈ ಮೂರನ್ನೂ ಚಾಪ್ಲೇನರು ಪುಸ್ತಕದಲ್ಲಿ ದಾಖಲಿಸಿ, ಅದರ ನಕಲನ್ನು ಕಾಲಕಾಲಕ್ಕೆ ಮದ್ರಾಸಿಗೆ ಕಳಿಸುತ್ತಿದ್ದರು. ಅಲ್ಲಿಂದ ಇನ್ನೊಂದು ನಕಲು ಲಂಡನ್ನಿಗೆ ಹೋಗುತ್ತಿತ್ತು. ಹೀಗೆ ಮಡಿಕೇರಿಯ ಮೂಲ ಪುಸ್ತಕಕ್ಕೆ ಗೆದ್ದಲು ಹಿಡಿದಿದ್ದರೂ ಅದರ ವಿಷಯ ಉಳಿದಿರಬಹುದು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ದಾಖಲೆಗಳ ಎನ್/2 ಎಂಬ ಸರಣಿ ಮದ್ರಾಸಿನದು. 1698ರಿಂದ 1948ರವರೆಗಿನ ದಾಖಲೆ ಅದರಲ್ಲಿದೆ. ಎನ್/1 ಬಂಗಾಳದ್ದು, ಎನ್/3 ಮುಂಬಯಿಯದು. ಫ್ಯಾಮಿಲಿ ಸರ್ಚ್ ಜಾಲತಾಣದಲ್ಲಿ ಇವುಗಳ ಸೂಚಿಯನ್ನು ಉಚಿತವಾಗಿ ನೋಡಬಹುದು. ಸೂಚಿಯಲ್ಲಿ ಹೆಸರು ಸಿಕ್ಕರೆ ಅಷ್ಟಕ್ಕೇ ನಿಲ್ಲದೆ ಮೂಲ ಪುಟದ ಚಿತ್ರವನ್ನೂ ತರಿಸಿಕೊಳ್ಳಿ, ಏಕೆಂದರೆ ವೃತ್ತಿ, ವಾಸಸ್ಥಳ, ಸಾವಿನ ಕಾರಣ, ವಿಧಿ ನಡೆಸಿದವರ ಸಹಿ ಇವೆಲ್ಲ ಇರುವುದು ಆ ಪುಟದಲ್ಲಿ. ಜ್ವರವೆಂಬ ಒಂದೇ ಪದ ಒಂದು ಋತುವಿನಲ್ಲಿ ಪದೇ ಪದೇ ಬಂದರೆ, ಅದು ಮಲೇರಿಯಾದ ಕಾಡಿನಲ್ಲಿ ತೋಟ ಮಾಡಿದವರ ಚರಿತ್ರೆಯೂ ಹೌದು.

ಹುಡುಕುವಾಗ ಹಳೆಯ ಹೆಸರುಗಳು ತಿಳಿದಿರಬೇಕು. ಮಡಿಕೇರಿ ಆ ಪುಸ್ತಕಗಳಲ್ಲಿ ಮರ್ಕೆರಾ, ವಿರಾಜಪೇಟೆ ವೀರರಾಜೇಂದ್ರಪೇಟೆ, ಕುಶಾಲನಗರ ಕರ್ನಲ್ ಫ್ರೇಸರರ ಹೆಸರಿನ ಫ್ರೇಸರ್‌ಪೇಟೆ. ಒಂದೊಂದಕ್ಕೂ ಮೂರು ನಾಲ್ಕು ಕಾಗುಣಿತಗಳಿವೆ. ಬೆಂಗಳೂರಿನಲ್ಲೂ ಒಂದು ಸೇಂಟ್ ಮಾರ್ಕ್ಸ್ ಇರುವುದರಿಂದ, ಚರ್ಚಿನ ಹೆಸರೊಂದನ್ನೇ ನಂಬಿ ಬೆಂಗಳೂರಿನ ದಂಡುಪ್ರದೇಶದ ಮದುವೆಯನ್ನು ಮಡಿಕೇರಿಯದೆಂದು ಬರೆದುಬಿಡುವ ಅಪಾಯವಿದೆ. ಊರಿನ ಹೆಸರು, ಚಾಪ್ಲೇನರ ಹೆಸರು ಎರಡೂ ಹೊಂದಿದಾಗ ಮಾತ್ರ ಒಪ್ಪಿಕೊಳ್ಳಿ.

ರಿಜಿಸ್ಟರಿನಲ್ಲಿ ಇಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಲೈನ್‌ಮನೆಗಳಲ್ಲಿ ಬದುಕಿ ಸತ್ತ ಕಾರ್ಮಿಕರ ಹೆಸರುಗಳನ್ನು ಎನ್/2 ಪುಟಗಳಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಅವರಲ್ಲಿ ಕ್ರೈಸ್ತರಾಗಿದ್ದವರು ಬಹುಮಟ್ಟಿಗೆ ಮಿಷನ್ನಿನ ಅಥವಾ ಕ್ಯಾಥೊಲಿಕ್ ಪುಸ್ತಕಗಳಲ್ಲಿ ಇದ್ದಾರು. ಕೊಡಗಿನವರ ಆಂಗ್ಲಿಕನ್ ದೀಕ್ಷಾಸ್ನಾನಗಳಲ್ಲಿ ಅತಿ ಪ್ರಸಿದ್ಧವಾದದ್ದೂ ಕೊಡಗಿನ ದಾಖಲೆಯಲ್ಲಿಲ್ಲ. ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ 1852ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಂದ ದೀಕ್ಷಾಸ್ನಾನ ಪಡೆದಳು, ವಿಕ್ಟೋರಿಯಾ ರಾಣಿ ಅವಳ ಧರ್ಮಮಾತೆಯಾದಳು. 1864ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡಳು. ರಾಜ್ಯ ಕಳೆದುಕೊಂಡ ಮನೆತನದ ಆ ಹುಡುಗಿಯ ಕಥೆಯನ್ನು ಬಿಟ್ಟು ಕೊಡಗು ಮತ್ತು ಆಂಗ್ಲಿಕನ್ ಸಭೆಯ ಸಂಬಂಧವನ್ನು ಬರೆಯುವುದು ನನಗೆ ಸರಿಕಾಣುವುದಿಲ್ಲ.

ಸಮಾಧಿ ಸ್ಥಳಗಳಿಗೆ ಹೋಗುವುದಾದರೆ ಜನವರಿಯಿಂದ ಮಾರ್ಚ್‌ವರೆಗಿನ ಕಾಲ ಒಳ್ಳೆಯದು. ಮುಂಗಾರಿನಲ್ಲಿ ಕಲ್ಲಿನ ಮೇಲೆ ಪಾಚಿ ದಪ್ಪಗಟ್ಟಿ ಅಕ್ಷರ ಮುಚ್ಚಿಹೋಗುತ್ತದೆ, ಜಿಗಣೆಯ ಕಾಟವೂ ಇರುತ್ತದೆ. ತೋಟದೊಳಗಿನ ಒಂಟಿ ಸಮಾಧಿಯಾದರೆ ಮಾಲೀಕರ ಅನುಮತಿಯನ್ನು ಮುಂಚೆಯೇ ಪಡೆಯಿರಿ, ಆನೆ ಓಡಾಡುವ ಜಾಗವೇ ಎಂದು ಕೇಳಿಕೊಳ್ಳಿ. ತಂತಿ ಬ್ರಷ್, ಆಸಿಡ್, ಸೀಮೆಸುಣ್ಣ ಇವುಗಳನ್ನು ಕಲ್ಲಿಗೆ ತಾಗಿಸಬೇಡಿ. ಶುದ್ಧ ನೀರು, ಮೆತ್ತನೆಯ ಬ್ರಷ್ ಸಾಕು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೊ ತೆಗೆದರೆ ಸವೆದ ಅಕ್ಷರವೂ ಏಳುತ್ತದೆ. ಶಾಸನವನ್ನು ಸಾಲು ಸಾಲಾಗಿ, ಇದ್ದ ಹಾಗೆ, ತಿದ್ದದೆ ಬರೆದುಕೊಳ್ಳಿ. ಓದಲಾಗದ ಅಕ್ಷರದ ಜಾಗಕ್ಕೆ ಊಹೆಯನ್ನು ತುಂಬದೆ ಚುಕ್ಕಿಯಿಡಿ.

ಬರೆಯಲು ಕುಳಿತಾಗ ಪ್ರತಿ ಸಂಗತಿಯ ಪಕ್ಕದಲ್ಲೂ ಅದು ಕಲ್ಲಿನಿಂದ ಬಂತೇ, ರಿಜಿಸ್ಟರಿನಿಂದಲೇ, ಕಡತದಿಂದಲೇ, ಹಿರಿಯರ ಬಾಯಿಂದಲೇ ಎಂದು ಗುರುತು ಹಾಕಿ. ಕಲ್ಲಿನ ದಿನಾಂಕಕ್ಕೂ ರಿಜಿಸ್ಟರಿನ ದಿನಾಂಕಕ್ಕೂ ಹೊಂದದಿದ್ದರೆ ಎರಡನ್ನೂ ಕೊಡಿ. ಒಂದು ಮರಣದ ದಿನ, ಇನ್ನೊಂದು ಮಣ್ಣು ಮಾಡಿದ ದಿನ ಆಗಿರಬಹುದು. ಬರವಣಿಗೆ ಮುಗಿದ ಮೇಲೆ ಅದರ ಒಂದು ಪ್ರತಿಯನ್ನು ಆ ಸಭೆಯ ಸಭಾಪಾಲಕರಿಗೆ, ಇನ್ನೊಂದನ್ನು ಮಂಗಳೂರಿನ ಧರ್ಮಪ್ರಾಂತ್ಯದ ಕಚೇರಿಗೆ, ಮೂರನೆಯದನ್ನು ಫೋಟೊಗಳ ಸಮೇತ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಭಂಡಾರಕ್ಕೆ ಕೊಡಿ. ಪ್ರತಿ ಫೋಟೊದ ಕಡತದ ಹೆಸರಿನಲ್ಲಿ ಊರು, ಸಮಾಧಿಯ ಸಾಲು, ತೆಗೆದ ತಿಂಗಳು ಮತ್ತು ವರ್ಷ ಇರಲಿ.